ತೂಬು ಮುಚ್ಚಿದ ಹನ್ನೊಂದು ದಿನ

ಗೇಟಿನ ಕೀಲು ಸವೆದಿದೆಯಂತೆ.
ಕಾಲುವೆಯ ನೀರೆಲ್ಲ ಬಸಿದು, ಹಳದಿ ಟೊಪ್ಪಿಗೆಯವರು
ಕೆಸರಿಗಿಳಿದಿದ್ದಾರೆ.
ಹನ್ನೊಂದು ದಿನ ದೋಣಿಯಿಲ್ಲ, ಹಾರನ್ನಿಲ್ಲ,
ತೂಬು ಕಾಯುವ ನನಗೆ ಕೆಲಸವಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಗೆಂಟ್ ಪಟ್ಟಣದ ಈ ಅಂಚಿನಲ್ಲಿ ಕೂತು
ಕಾಫಿಯನ್ನು ಆರುವ ಮೊದಲೇ ಕುಡಿದು ಮುಗಿಸಿದೆ.

ಅಟ್ಟದಿಂದ ಪೆಟ್ಟಿಗೆ ಇಳಿಸಿದೆ.
ಒಳಗೆ ಚಿತ್ರಕಥೆಯ ವಾರಪತ್ರಿಕೆಗಳು,
ಕಮೀಲ್ ಮಾವನ ಕ್ಷೌರದಂಗಡಿಯವು.
ಸರದಿ ಕಾಯುವ ಗಿರಾಕಿಗಳಿಗೆಂದು ತರಿಸುತ್ತಿದ್ದ.
ಮಾವನಿಗೊಂದು ಚಟ:
ಕತ್ತಿಗಂಟಿದ ನೊರೆ ಒರೆಸಲು
ಕೈಗೆ ಸಿಕ್ಕ ಕೊನೆಯ ಹಾಳೆ ಹರಿಯುವುದು.
ಹಾಗಾಗಿ ನನ್ನ ಬಾಲ್ಯದ ವೀರರೆಲ್ಲ
ಹಗ್ಗಕ್ಕೆ ಜೋತುಬಿದ್ದವರು, ಬಾವಿಗೆ ಬಿದ್ದವರು,
ಸಿಂಹದ ಬಾಯೆದುರು ಟೋಪಿ ಹಿಡಿದು ನಿಂತವರು
ಅಲ್ಲೇ ನಿಂತರು. ನಲವತ್ತೈದು ವರ್ಷ.
ಅವರ ಕೊನೆ ಯಾರದೋ ಗಡ್ಡದ ಕೂದಲ ಜೊತೆ
ಕಸದ ಬುಟ್ಟಿ ಸೇರಿತ್ತು.

ಸಿನಿಮಾದ್ದೂ ಅದೇ ಪಾಡು.
'ನೀಲಿ ಹುಂಜ' ಟಾಕೀಸಿನಲ್ಲಿ ಭಾನುವಾರ ಹಳೆಯ ಕಪ್ಪುಬಿಳುಪು ಚಿತ್ರ,
ನಮ್ಮ ಕಡೆಗೆ ಕೊನೆಯ ಟ್ರಾಮು ಒಂಬತ್ತು ನಲವತ್ತಕ್ಕೆ.
ನಾಯಕಿ ಕಣ್ಣೆತ್ತುವ ಹೊತ್ತಿಗೆ ಸರಿಯಾಗಿ
ಅಮ್ಮ ನನ್ನ ಕೋಟಿನ ಗುಂಡಿ ಹಾಕುತ್ತಿದ್ದಳು.
ಸಾಲಿನವರ ಮೊಣಕಾಲು ದಾಟುತ್ತ, ಬೈಸಿಕೊಳ್ಳುತ್ತ,
ಹಿಂದಿರುಗಿ ನೋಡಿದರೆ
ಪರದೆಯ ತುಂಬ ಒಂದು ಬಾಗಿಲು,
ಇನ್ನೂ ತೆರೆದಿರಲಿಲ್ಲ.

ಮನೆಯಲ್ಲಿ ತಮ್ಮ ಯೋರಿಸ್ ಎಚ್ಚರವಿರುತ್ತಿದ್ದ,
ಆಪರೇಷನ್ನಾದ ಕಾಲು ದಿಂಬಿನ ಮೇಲೆ.
"ಕೊನೆಗೇನಾಯ್ತು?"
ಗೊತ್ತಿಲ್ಲ ಅನ್ನಲು ಅಕ್ಕನಾದವಳಿಗೆ ಬಾಯಿ ಬರುತ್ತದೆಯೇ?
ಕಳ್ಳನನ್ನು ಗಾಳಿಗಿರಣಿಗೆ ಕಟ್ಟಿ ತಿರುಗಿಸಿದೆ.
ಸಿಂಹಕ್ಕೆ ಹಲ್ಲುನೋವು ತರಿಸಿದೆ.
ಆ ಬಾಗಿಲಿನ ಹಿಂದೆ
ಸತ್ತನೆಂದುಕೊಂಡಿದ್ದ ತಂದೆಯನ್ನು ತಂದು ನಿಲ್ಲಿಸಿದೆ,
ಕಂಕುಳಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ ಇರಿಸಿ.
ನಮ್ಮಪ್ಪ ಹೋಗಿ ಆಗ ಎರಡು ವರ್ಷ.

ಮೂರನೆಯ ದಿನ ಸೈಕಲ್ಲೇರಿ ಗ್ರಂಥಾಲಯಕ್ಕೆ ಹೋದೆ.
ಎಲ್ಲ ಸಂಚಿಕೆಯೂ ಇವೆ ಅಲ್ಲಿ, ರಟ್ಟು ಕಟ್ಟಿ, ಪುಟ ಪೂರ್ತಿ.
ಡಿವಿಡಿಯ ಕಪಾಟಿನಲ್ಲಿ ಆ ಚಿತ್ರವೂ.
ಆಲೂಗೆಡ್ಡೆ ಚೀಲದ ಹಾಗೆ ಹೇರಿಕೊಂಡು ಬಂದೆ.
ಓದಿದೆ, ನೋಡಿದೆ, ಪಾತ್ರೆ ತೊಳೆಯದೆ, ಕರ್ಟನ್ ಸರಿಸದೆ.

ಸಿಂಹವನ್ನು ಯಾರೋ ದಾರಿಹೋಕ ಗುಂಡಿಟ್ಟು ಕೊಂದ.
ಬಾವಿಗೆ ಬಿದ್ದವನಿಗೆ ಅಲ್ಲೊಂದು ಏಣಿ ಇತ್ತು.
ಏಣಿ! ಮೊದಲಿನಿಂದಲೂ ಇತ್ತಂತೆ!
ಆ ಬಾಗಿಲು ತೆರೆಯಿತು:
ಹೊರಗೆ ಹಾಲಿನವ. ತಿಂಗಳ ಬಾಕಿ ಕೇಳಿದ.
ಅವಳು ಚಿಲ್ಲರೆ ಎಣಿಸಿದಳು,
ಎಣಿಸುವ ಬೆರಳಲ್ಲಿ ಉಂಗುರವಿಲ್ಲ, ಅದರ ಬಿಳಿ ಗುರುತು.
ಬಾಗಿಲು ಹಾಕಿಕೊಂಡಳು. ಮುಗಿಯಿತು.

ಎರಡನೆಯ ಸಲ ನೋಡುವಾಗ ಗಡಿಯಾರ ನೋಡಿದೆ.
ಚಿತ್ರ ಮುಗಿಯುವುದು ಒಂಬತ್ತು ಇಪ್ಪತ್ತಕ್ಕೇ ಆಗಬೇಕಲ್ಲ,
ಟ್ರಾಮಿನ ನಿಲ್ದಾಣ ಎದುರಿಗೇ ಇತ್ತಲ್ಲ.
ಅಮ್ಮ, ಗುಂಡಿ ಹಾಕುತ್ತಿದ್ದದ್ದು
ಟ್ರಾಮಿಗಾಗಿಯೋ?

ಯೋರಿಸ್‌ಗೆ ಫೋನು ಮಾಡಿದೆ, ಓಸ್ಟೆಂಡಿಗೆ.
ಹಿಂದೆ ಕಡಲಹಕ್ಕಿಗಳ ಗದ್ದಲ.
"ನಿನಗೆ ಸುಳ್ಳು ಹೇಳಿದ್ದೆ ಕಣೋ,
ಬಾಗಿಲಾಚೆ ಅಪ್ಪ ಇರಲಿಲ್ಲ."
"ಗೊತ್ತು," ಅಂದ. "ಹದಿನಾಲ್ಕರಲ್ಲಿ ಒಬ್ಬನೇ ಹೋಗಿ ನೋಡಿದೆ,
ಕೊನೆಯತನಕ ಕೂತು. ಆಮೇಲೆ
ನಡೆದೇ ಬಂದೆ, ಈ ಕಾಲಿನಲ್ಲಿ.
ಆ ರಾತ್ರಿ ಕೇಳಿದ್ದೆ ನಿನ್ನನ್ನ, ಮತ್ತೊಮ್ಮೆ ಹೇಳು ಅಂತ.
ನಿದ್ದೆಗಣ್ಣಲ್ಲೇ ಹೇಳಿದೆ ನೀನು."
ಸ್ವಲ್ಪ ಹೊತ್ತು ಹಕ್ಕಿಗಳೇ ಮಾತಾಡಿದವು.
"ಹೌದು, ಬ್ರೆಡ್ಡು ಯಾವುದು?
ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ."
"ಒಣದ್ರಾಕ್ಷಿಯದು," ಅಂದೆ.

ಇವತ್ತು ಒಂಬತ್ತನೆಯ ದಿನ.
ಕೆಸರಿನಲ್ಲಿ ಮೂರು ಸೈಕಲ್ಲು, ಒಂದು ಹೊಲಿಗೆ ಯಂತ್ರ ಸಿಕ್ಕಿವೆಯಂತೆ.
ಗ್ರಂಥಾಲಯದ ಪುಸ್ತಕ ನಾಳೆ ವಾಪಸು ಕೊಡಬೇಕು.
ಪೆಟ್ಟಿಗೆಯಲ್ಲಿ ಹರಿದ ಸಂಚಿಕೆ
ಇನ್ನೂ ಹದಿನಾರು ಇವೆ.